ಎಡಿಎಚ್‌ಡಿ ಇರುವ ಮಕ್ಕಳಿಗೆ ರಾತ್ರಿ ನಿದ್ದೆ ಯಾಕೆ ಬರುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ನನ್ನ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದಿರುವ, ಅತಿಚಟುವಟಿಕೆಯ ತೊಂದರೆ ಇದೆ ಎಂದು ಗೊತ್ತಾದಾಗ ಅವನಿಗೆ 8 ವರ್ಷ. ಈಗ 9ನೇ ತರಗತಿಯಲ್ಲಿದ್ದಾನೆ. ಮೊದಲ ಎರಡು ವರ್ಷ ಡಾಕ್ಟರ ಹತ್ತಿರ ಹೋದಾಗಲೆಲ್ಲ ನಾವು ಪಾಠ, ಮಾರ್ಕ್ಸು, ಶಾಲೆಯ ದೂರು ಇಷ್ಟನ್ನೇ ಮಾತಾಡಿ ಬಂದೆವು. ರಾತ್ರಿ 12ರವರೆಗೆ ಅವನು ಹಾಸಿಗೆಯಲ್ಲಿ ಹೊರಳಾಡುತ್ತಿದ್ದ. ಅದನ್ನು ಯಾರಿಗೂ ಹೇಳಲಿಲ್ಲ. ನಮ್ಮ ಶಿಸ್ತಿನಲ್ಲೇ ಏನೋ ಕೊರತೆ ಇದೆ ಎಂದುಕೊಂಡಿದ್ದೆವು.

ಈಗ ಊರಿನ ತಾಯಂದಿರು, ನನ್ನ ಶಾಲೆಯ ಮಕ್ಕಳ ಪೋಷಕರು ಅದೇ ಪ್ರಶ್ನೆಗಳನ್ನು ನನಗೆ ಕೇಳುತ್ತಾರೆ. ನಾನು ಡಾಕ್ಟರ್ ಅಲ್ಲ. ಔಷಧಿಯ ತೀರ್ಮಾನ ಡಾಕ್ಟರದ್ದೇ. ಆದರೆ ಓದಿ, ಕೇಳಿ, ಮನೆಯಲ್ಲಿ ಮಾಡಿ ನೋಡಿ ತಿಳಿದುಕೊಂಡದ್ದು ಸಾಕಷ್ಟಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿದ್ದೆ ಬಾರದಿರುವುದಕ್ಕೂ ಎಡಿಎಚ್‌ಡಿಗೂ ನಿಜವಾಗಿ ಸಂಬಂಧ ಇದೆಯಾ?

ಇದೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮಕ್ಕಳಿಗೆ ಒಂದಲ್ಲ ಒಂದು ನಿದ್ದೆಯ ತೊಂದರೆ ಇರುತ್ತದೆ. ಕೆಲವರಿಗೆ ಬೇಗ ನಿದ್ದೆ ಹತ್ತುವುದಿಲ್ಲ. ಕೆಲವರು ರಾತ್ರಿ ಹಲವು ಸಲ ಏಳುತ್ತಾರೆ. ಇನ್ನು ಕೆಲವರು ರಾತ್ರಿಯೆಲ್ಲ ಹಾಸಿಗೆಯ ಈ ಮೂಲೆಯಿಂದ ಆ ಮೂಲೆಗೆ ಸುತ್ತುತ್ತಾರೆ. ಬೆಳಗ್ಗೆ ಎದ್ದರೆ ತಲೆಯಿದ್ದ ಕಡೆ ಕಾಲು ಇರುತ್ತದೆ.

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಕೈಪಿಡಿಯಲ್ಲಿ, ನಿದ್ದೆಯಲ್ಲಿ ಜಾಸ್ತಿ ಹೊರಳಾಡುವುದೂ ಅತಿಚಟುವಟಿಕೆಯ ಒಂದು ಲಕ್ಷಣವಾಗಿತ್ತು. 1987ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟರು. ಈಗಿನ ಲಕ್ಷಣಗಳ ಪಟ್ಟಿಯಲ್ಲೂ ನಿದ್ದೆ ಇಲ್ಲ. ಹಾಗಾಗಿ ತಪಾಸಣೆಯ ಗಡಿಬಿಡಿಯಲ್ಲಿ ರಾತ್ರಿಯ ವಿಷಯ ಬಿಟ್ಟುಹೋಗಬಹುದು. ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.

ಹಗಲೆಲ್ಲ ಕುಣಿಯುತ್ತಾನೆ. ಅಷ್ಟು ದಣಿದ ಮೇಲೂ ನಿದ್ದೆ ಯಾಕೆ ಬರುವುದಿಲ್ಲ?

ನನಗೆ ತುಂಬಾ ಸಲ ಬಂದಿರುವ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಕ್ಕ ದಿನವೇ ನಮ್ಮ ಮನೆಯಲ್ಲಿ ರಾತ್ರಿ ಗಲಾಟೆ ಅರ್ಧ ಕಡಿಮೆಯಾಯಿತು.

ದಣಿವು ಒಂದೇ ಇದ್ದರೆ ನಿದ್ದೆ ಬರುವುದಿಲ್ಲ. ದೇಹದೊಳಗೆ ಒಂದು ಗಡಿಯಾರ ಇದೆ. ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಬರುತ್ತದೆ. 'ರಾತ್ರಿಯಾಯಿತು' ಎಂದು ದೇಹಕ್ಕೆ ತಿಳಿಸುವುದು ಅದೇ. ಎಡಿಎಚ್‌ಡಿ ಜೊತೆಗೆ ನಿದ್ದೆ ಹತ್ತದ ತೊಂದರೆಯೂ ಇರುವ ಅನೇಕರಲ್ಲಿ ಇದು ತಡವಾಗಿ ಬರುತ್ತದೆ. ಮಕ್ಕಳಲ್ಲಿ ಸುಮಾರು 45 ನಿಮಿಷ, ದೊಡ್ಡವರಲ್ಲಿ ಸುಮಾರು ಒಂದೂವರೆ ಗಂಟೆ ತಡ ಎಂದು ಅಳತೆ ಮಾಡಿ ಕಂಡುಕೊಂಡಿದ್ದಾರೆ.

ಹೀಗೆ ಯೋಚಿಸಿ. ನಿಮ್ಮನ್ನು ಸಂಜೆ 7 ಗಂಟೆಗೆ ದೀಪ ಆರಿಸಿ ಮಲಗಿಸಿದರೆ ನಿದ್ದೆ ಬರುತ್ತದಾ? ಸುಮ್ನೆ ಸೂರು ನೋಡುತ್ತಾ ಬಿದ್ದಿರುತ್ತೀರಿ. ಸ್ವಲ್ಪ ಹೊತ್ತಿಗೆ ಕಾಲು ಆಡಿಸುತ್ತೀರಿ. ಆಮೇಲೆ ನೀರು ಕುಡಿಯಲು ಏಳುತ್ತೀರಿ. ಮಗು ಮಾಡುವುದೂ ಅಷ್ಟೇ. ನಿಮ್ಮ ಗಡಿಯಾರದಲ್ಲಿ 9 ಗಂಟೆ. ಅವನ ದೇಹದಲ್ಲಿ ಇನ್ನೂ ರಾತ್ರಿ ಆಗಿಲ್ಲ.

ಇದರ ಜೊತೆಗೆ ತಲೆಯ ಓಟ ಬೇರೆ. ಹಗಲು ನೂರು ಕಡೆ ಓಡುವ ಗಮನಕ್ಕೆ ರಾತ್ರಿ ಕತ್ತಲಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಆಗ ಒಳಗೇ ಓಡುತ್ತದೆ. ನನ್ನ ಮಗ ರಾತ್ರಿ 11ಕ್ಕೆ ಎದ್ದು ಕೂತು, "ಅಮ್ಮಾ, ಅಂತರಗಂಗೆ ನೀರು ಎಲ್ಲಿಂದ ಬರುತ್ತೆ?" ಎಂದು ಕೇಳುತ್ತಿದ್ದ. ಅಂತರಗಂಗೆ ನಮ್ಮ ಕೋಲಾರದ ಬೆಟ್ಟದ ನೀರಿನ ಬುಗ್ಗೆ. ತರಲೆ ಮಾಡುತ್ತಿದ್ದಾನೆ ಎಂದು ಬೈಯುತ್ತಿದ್ದೆ. ಅವನಿಗೆ ನಿಜವಾಗಿಯೂ ಆ ಹೊತ್ತಿನಲ್ಲಿ ಅದು ತಿಳಿಯಬೇಕಿತ್ತು.

ಎಷ್ಟು ಹೊತ್ತು ನಿದ್ದೆ ಬೇಕು?

6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ. 13ರಿಂದ 18ರವರಿಗೆ 8ರಿಂದ 10 ಗಂಟೆ. ದೊಡ್ಡವರಿಗೆ ಕನಿಷ್ಠ 7. ಎಡಿಎಚ್‌ಡಿ ಇದ್ದರೂ ಇದೇ ಲೆಕ್ಕ. 'ಇವನಿಗೆ 6 ಗಂಟೆ ಸಾಕು, ಎದ್ದ ತಕ್ಷಣ ಓಡುತ್ತಾನೆ' ಎಂದು ನೆಮ್ಮದಿಯಾಗಿರಬೇಡಿ. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸುತ್ತಾರೆ. ಮಕ್ಕಳಲ್ಲಿ ಎಷ್ಟೋ ಜನ ನಿದ್ದೆಗೆಟ್ಟಾಗ ಜಾಸ್ತಿ ಓಡುತ್ತಾರೆ, ಸಣ್ಣದಕ್ಕೂ ಅಳುತ್ತಾರೆ, ಜಗಳ ಮಾಡುತ್ತಾರೆ.

ಹಾಗಾದರೆ ನಿದ್ದೆ ಕಡಿಮೆಯಾಗಿದ್ದಕ್ಕೇ ಮಗು ಹೀಗೆ ಆಡುತ್ತಿರಬಹುದಲ್ವಾ? ಎಡಿಎಚ್‌ಡಿ ಇಲ್ಲದೆಯೂ ಇರಬಹುದಲ್ವಾ?

ಇರಬಹುದು. ಅದಕ್ಕೇ ಮೊದಲು ಗೊರಕೆ ನೋಡಿ.

ಮಗು ನೆಗಡಿ ಇಲ್ಲದಿರುವಾಗಲೂ ವಾರದಲ್ಲಿ ಮೂರಕ್ಕಿಂತ ಜಾಸ್ತಿ ರಾತ್ರಿ ಗೊರಕೆ ಹೊಡೆಯುತ್ತದಾ? ಬಾಯಿ ಬಿಟ್ಟುಕೊಂಡು ಮಲಗುತ್ತದಾ? ಕತ್ತು ಹಿಂದಕ್ಕೆ ಚಾಚಿ ಮಲಗುತ್ತದಾ? ಉಸಿರು ಒಂದು ಕ್ಷಣ ನಿಂತು ಆಮೇಲೆ ಗಕ್ಕನೆ ಎಳೆದುಕೊಂಡ ಹಾಗೆ ಆಗುತ್ತದಾ? ಹೌದಾದರೆ ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ದಪ್ಪವಾಗಿ ಉಸಿರಿನ ದಾರಿ ಕಟ್ಟಿಕೊಳ್ಳುತ್ತಿರಬಹುದು. ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಉಸಿರು ಕಟ್ಟಿದಾಗಲೆಲ್ಲ ಮೆದುಳು ಅರೆ ಎಚ್ಚರಾಗುತ್ತದೆ. ಮಗು 9 ಗಂಟೆ ಹಾಸಿಗೆಯಲ್ಲಿದ್ದರೂ ನಿದ್ದೆ ಆಗಿರುವುದಿಲ್ಲ. ಹಗಲು ನೋಡಿದರೆ ಥೇಟ್ ಎಡಿಎಚ್‌ಡಿ.

ನಮ್ಮಲ್ಲಿ ಗೊರಕೆ ಎಂದರೆ ಒಳ್ಳೆ ನಿದ್ದೆ ಎಂದುಕೊಳ್ಳುತ್ತೇವೆ. 'ಹಾಯಾಗಿ ಮಲಗಿದೆ ಕೂಸು' ಎನ್ನುತ್ತಾರೆ ಅಜ್ಜಿಯರು. ಮಕ್ಕಳ ವಿಷಯದಲ್ಲಿ ಆ ಮಾತು ಬಿಟ್ಟುಬಿಡಿ. ಉಸಿರಾಟದ ಸದ್ದು ಕೇಳುವ ಹಾಗೆ ಅರ್ಧ ನಿಮಿಷ ವಿಡಿಯೊ ಮಾಡಿಕೊಂಡು ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಎಡಿಎಚ್‌ಡಿ ಮತ್ತು ಆಪ್ನಿಯಾ ಎರಡೂ ಒಟ್ಟಿಗೇ ಇರುವ ಮಕ್ಕಳೂ ಇದ್ದಾರೆ. ಆಗ ಎರಡಕ್ಕೂ ಚಿಕಿತ್ಸೆ ಬೇಕು.

ಒಂದು ಗುರುತು ಹೇಳುತ್ತೇನೆ. ಎಡಿಎಚ್‌ಡಿ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಮನೆ, ಶಾಲೆ ಎರಡೂ ಕಡೆ ಕಾಣಬೇಕು. ಮೊಬೈಲ್ ಬಂದ ಮೇಲೆ, ಹಾಸ್ಟೆಲ್ಲಿಗೆ ಸೇರಿದ ಮೇಲೆ ಶುರುವಾದ ಚಂಚಲತೆಗೆ ಬೇರೆ ಕಾರಣ ಹುಡುಕಬೇಕು.

ರಾತ್ರಿಯಾದರೆ ಕಾಲು ಎಳೆಯುತ್ತದೆ, ಒತ್ತು ಅನ್ನುತ್ತಾಳೆ. ಇದೂ ನಾಟಕವಾ?

ನಾಟಕ ಅಲ್ಲ. ದಯವಿಟ್ಟು ನಂಬಿ.

'ಕಾಲೊಳಗೆ ಇರುವೆ ಹರಿದ ಹಾಗಾಗುತ್ತೆ', 'ಕಾಲು ಜುಂ ಅನ್ನುತ್ತೆ', 'ಒದೆಯಬೇಕು ಅನ್ನಿಸುತ್ತೆ' ಎಂದು ಮಕ್ಕಳು ಹೇಳುತ್ತಾರೆ. ಸಂಜೆ ಮೇಲೆ, ಸುಮ್ನೆ ಮಲಗಿದಾಗ ಜಾಸ್ತಿ. ಎದ್ದು ಓಡಾಡಿದರೆ, ಒತ್ತಿದರೆ ಕಡಿಮೆ. ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಎನ್ನುತ್ತಾರೆ. ಎಡಿಎಚ್‌ಡಿ ಇರುವವರಲ್ಲಿ ಇದು ಬೇರೆಯವರಿಗಿಂತ ಜಾಸ್ತಿ ಕಾಣುತ್ತದೆ.

ಇದಕ್ಕೆ ಕಬ್ಬಿಣಾಂಶದ ನಂಟು ಇದೆ. ಮೆದುಳು ಡೋಪಮಿನ್ ತಯಾರಿಸಲು ಕಬ್ಬಿಣ ಬೇಕು. ಗಮನಕ್ಕೂ, ಕೈಕಾಲಿನ ಹಿಡಿತಕ್ಕೂ ಬೇಕಾದ ರಾಸಾಯನಿಕ ಅದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 6 ತಿಂಗಳಿಂದ 5 ವರ್ಷದೊಳಗಿನ 100 ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. ನನ್ನ ತರಗತಿಯಲ್ಲಿ ಕೂತ ಹೆಣ್ಣುಮಕ್ಕಳ ಕಣ್ಣಿನ ಒಳರೆಪ್ಪೆ ಬಿಳಚಿಕೊಂಡಿರುವುದನ್ನು ನೋಡಿದರೂ ಸಾಕು, ಆ ಲೆಕ್ಕ ನಂಬಬೇಕು ಎನ್ನಿಸುತ್ತದೆ.

ಡಾಕ್ಟರ ಹತ್ತಿರ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯೂ ಬೇಕಾ ಎಂದು ಕೇಳಿ. ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಫೆರಿಟಿನ್. ಹಿಮೋಗ್ಲೋಬಿನ್ ಸರಿಯಾಗಿದ್ದೂ ಫೆರಿಟಿನ್ ಕಡಿಮೆ ಇರಬಹುದು. ಕಣಜ ಬರಿದಾಗಿದ್ದರೂ ಮಡಕೆಯಲ್ಲಿ ಇವತ್ತಿನ ಹಿಟ್ಟು ಇದ್ದ ಹಾಗೆ. ಕಾಲಿನ ತೊಂದರೆ ಇರುವ ಮಕ್ಕಳಲ್ಲಿ ಫೆರಿಟಿನ್ 50ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣಾಂಶದ ಔಷಧಿ ಕೊಡುವ ಬಗ್ಗೆ ಡಾಕ್ಟರುಗಳು ಯೋಚಿಸುತ್ತಾರೆ. ನೀವೇ ಟಾನಿಕ್ ತಂದು ಸುರಿಯಬೇಡಿ. ಕಬ್ಬಿಣ ಜಾಸ್ತಿಯಾದರೂ ಮಕ್ಕಳಿಗೆ ವಿಷ.

ಊಟದಲ್ಲಿ ಮಾಡಬಹುದಾದದ್ದು ನಮ್ಮ ಕಡೆ ಸುಲಭ. ರಾಗಿಯಲ್ಲಿ ಕಬ್ಬಿಣ ಇದೆ. ಮೊಳಕೆ ಬರಿಸಿದ ರಾಗಿಯಿಂದ ಅದು ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಮುದ್ದೆಗೆ ಸೊಪ್ಪಿನ ಬಸ್ಸಾರು ಮಾಡಿದರೆ ಮೇಲೆ ಒಂದು ಹೋಳು ನಿಂಬೆ ಹಿಂಡಿ. ನಿಂಬೆಯಲ್ಲಿರುವ ವಿಟಮಿನ್ ಸಿ ಇದ್ದರೆ ದೇಹ ಕಬ್ಬಿಣವನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಊಟದ ಜೊತೆಗೆ, ಊಟ ಆದ ತಕ್ಷಣ ಟೀ ಕೊಡಬೇಡಿ. ಟೀ ಅದನ್ನು ತಡೆಯುತ್ತದೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಎಷ್ಟೋ ಮಕ್ಕಳು ಕಿಟಕಿಯಾಚೆ ಎಸೆಯುತ್ತಾರೆ. ಮಾತ್ರೆ ನುಂಗಿದೆಯಾ ಎಂದು ಮನೆಯಲ್ಲಿ ಒಂದು ಮಾತು ಕೇಳಿ. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ.

ಎಡಿಎಚ್‌ಡಿ ಮಾತ್ರೆ ಶುರು ಮಾಡಿದ ಮೇಲೆ ನಿದ್ದೆ ಇನ್ನೂ ಕೆಟ್ಟಿತು. ನಿಲ್ಲಿಸಿಬಿಡಲಾ?

ನೀವಾಗಿಯೇ ನಿಲ್ಲಿಸಬೇಡಿ. ಮೊದಲು ಹೇಗೆ ಕೆಟ್ಟಿತು ಎಂದು ಗಮನಿಸಿ.

ಮೀಥೈಲ್‌ಫೆನಿಡೇಟ್ ಎಂಬ ಔಷಧಿಯನ್ನು ಜಾಸ್ತಿ ಬರೆಯುತ್ತಾರೆ. ಸಾಧಾರಣ ಮಾತ್ರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ 8ರಿಂದ 12 ಗಂಟೆ. ಬೆಳಗ್ಗೆ ಮರೆತು ಮಧ್ಯಾಹ್ನ ಈ ನಿಧಾನದ ಮಾತ್ರೆ ಕೊಟ್ಟರೆ ರಾತ್ರಿ ಎಚ್ಚರ ಗ್ಯಾರಂಟಿ. ಇದು ಒಂದು. ಇನ್ನೊಂದು ಇದಕ್ಕೆ ಉಲ್ಟಾ. ಸಂಜೆ ಮಾತ್ರೆಯ ಪ್ರಭಾವ ಇಳಿಯುವಾಗ ಮಗು ಇದ್ದಕ್ಕಿದ್ದ ಹಾಗೆ ಮೊದಲಿಗಿಂತ ಜಾಸ್ತಿ ಕಿರಿಕಿರಿ ಮಾಡುತ್ತದೆ. ಆ ಕಿರಿಕಿರಿಯಲ್ಲೇ ಮಲಗುವ ಹೊತ್ತು ಬರುತ್ತದೆ. ಮೂರನೆಯದು ಹಸಿವು. ಈ ಮಾತ್ರೆಯಿಂದ ಹಗಲು ಹಸಿವು ಸಾಯುತ್ತದೆ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತದೆ. ರಾತ್ರಿ 10ಕ್ಕೆ ಹೊಟ್ಟೆ ಕೂಗುತ್ತದೆ. ನನ್ನ ಮಗನಿಗೆ ಇದೇ ಆಗಿತ್ತು. ಬೆಳಗ್ಗೆ ಮಾತ್ರೆಗೆ ಮುಂಚೆಯೇ ಗಟ್ಟಿ ತಿಂಡಿ, ಸಂಜೆ 7ಕ್ಕೆ ಊಟ, ಮಲಗುವ ಮುಂಚೆ ಬಿಸಿ ಹಾಲು, ಬಾಳೆಹಣ್ಣು ಎಂದು ಬದಲಾಯಿಸಿದೆವು. ಒಂದೇ ವಾರದಲ್ಲಿ ವ್ಯತ್ಯಾಸ ಕಂಡಿತು.

ಮಾತ್ರೆ ಶುರುವಾದ ಮೇಲೆಯೇ ಒಳ್ಳೆ ನಿದ್ದೆ ಮಾಡುವ ಮಕ್ಕಳೂ ಇದ್ದಾರೆ. ತಲೆಯ ಓಟ ತಗ್ಗುತ್ತದೆ, ಅದಕ್ಕೆ. ಕೆಲವರಿಗೆ ಮೊದಲ ವಾರಗಳ ತೊಂದರೆ ತಾನಾಗಿ ಕಡಿಮೆಯಾಗುತ್ತದೆ. ಡಾಕ್ಟರ ಕೈಯಲ್ಲಿ ದಾರಿಗಳು ಬೇಕಾದಷ್ಟಿವೆ. ಹೊತ್ತು ಬದಲಾಯಿಸಬಹುದು, ಪ್ರಮಾಣ ಬದಲಾಯಿಸಬಹುದು, ಅಟೊಮೊಕ್ಸೆಟಿನ್‌ನಂಥ ಬೇರೆ ಔಷಧಿ ನೋಡಬಹುದು. ಕ್ಲೊನಿಡಿನ್ ಕೊಟ್ಟಿದ್ದರೆ ಅದನ್ನಂತೂ ಒಂದೇ ಏಟಿಗೆ ನಿಲ್ಲಿಸಲೇಬೇಡಿ, ಬಿಪಿ ಏರುತ್ತದೆ.

ಮೆಲಟೋನಿನ್ ಅಂಗಡಿಯಲ್ಲೇ ಸಿಗುತ್ತದೆ. ಕೊಡಬಹುದಾ?

ಡಾಕ್ಟರನ್ನು ಕೇಳಿ ಕೊಡಬಹುದು. ಆದರೆ ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ತಿಳಿದಿರಬೇಕು. 2007ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಎಡಿಎಚ್‌ಡಿಯ ಜೊತೆಗೆ ನಿದ್ದೆ ಹತ್ತದ ತೊಂದರೆಯೂ ಇದ್ದ 105 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. 4 ವಾರ ಮೆಲಟೋನಿನ್ ತೆಗೆದುಕೊಂಡವರಿಗೆ ನಿದ್ದೆ ಸುಮಾರು ಅರ್ಧ ಗಂಟೆ ಬೇಗ ಹತ್ತಿತು. ಹಗಲಿನ ನಡವಳಿಕೆ ಮಾತ್ರ ಬದಲಾಗಲಿಲ್ಲ. ಇದು ದೇಹದ ಗಡಿಯಾರದ ಮುಳ್ಳನ್ನು ಸ್ವಲ್ಪ ಮುಂದಕ್ಕೆ ತಿರುಗಿಸುತ್ತದೆ, ಅಷ್ಟೇ. ಯಾವ ಹೊತ್ತಿಗೆ ಕೊಡುತ್ತೀರಿ ಎಂಬುದು ಎಷ್ಟು ಕೊಡುತ್ತೀರಿ ಎಂಬುದರಷ್ಟೇ ಮುಖ್ಯ.

ಕೆಮ್ಮು, ನೆಗಡಿ ಸಿರಪ್ ಕೊಟ್ಟು ಮಲಗಿಸುವುದು ಬೇಡವೇ ಬೇಡ. ಮಗ ಚಿಕ್ಕವನಿದ್ದಾಗ ಒಂದು ಮೆಡಿಕಲ್ ಶಾಪಿನಲ್ಲಿ "ಇದು ಕೊಡಿ, ಮಲಗಿಬಿಡ್ತಾನೆ" ಎಂದು ಅಲರ್ಜಿಯ ಸಿರಪ್ ಕೊಟ್ಟರು. ನಾನು ನಂಬಿ ತಂದೆ. ಅವತ್ತು ರಾತ್ರಿ 2ರವರೆಗೆ ಅವನು ಮಂಚದಿಂದ ಮಂಚಕ್ಕೆ ಹಾರಿದ. ಕೆಲವು ಮಕ್ಕಳಿಗೆ ಆ ಔಷಧಿ ನಿದ್ದೆ ತರುವ ಬದಲು ಇನ್ನೂ ಕೆರಳಿಸುತ್ತದೆ ಎಂದು ಆಮೇಲೆ ಗೊತ್ತಾಯಿತು. ಆ ರಾತ್ರಿ ನೆನೆದರೆ ಈಗಲೂ ಸಂಕಟವಾಗುತ್ತದೆ.

ಮನೆಯಲ್ಲಿ ನಾವು ಏನು ಮಾಡಬೇಕು? ನಮ್ಮದು ಒಂದೇ ಹಾಲ್. ಟಿವಿ ಅಲ್ಲೇ, ಮಲಗುವುದೂ ಅಲ್ಲೇ.

'ಮಗುವಿಗೆ ಪ್ರತ್ಯೇಕ, ಶಾಂತವಾದ ಕೋಣೆ ಇರಲಿ' ಎಂದು ಎಲ್ಲ ಕಡೆ ಬರೆದಿರುತ್ತಾರೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹಾಗಿದೆ? ಇದ್ದ ಜಾಗದಲ್ಲೇ ಮಾಡಬೇಕು.

ಕೆಲಸ ಬೆಳಗ್ಗೆಯಿಂದ ಶುರುವಾಗಲಿ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ. ಭಾನುವಾರವೂ ಒಂದು ಗಂಟೆಗಿಂತ ಜಾಸ್ತಿ ಸಡಿಲ ಬೇಡ. ಎದ್ದ ಮೇಲೆ ಅರ್ಧ ಗಂಟೆ ಬಯಲಿನ ಬೆಳಕಿನಲ್ಲಿರಲಿ. ಡೇರಿಗೆ ಹಾಲು ಹಾಕಿ ಬರಲಿ, ಅಂಗಳಕ್ಕೆ ನೀರು ಹಾಕಲಿ, ಗಿಡಕ್ಕೆ ನೀರು ಬಿಡಲಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ತಡವಾಗಿ ಓಡುವ ದೇಹದ ಗಡಿಯಾರ ಮುಂದಕ್ಕೆ ಬರುತ್ತದೆ, ರಾತ್ರಿ ನಿದ್ದೆ ಬೇಗ ಹತ್ತುತ್ತದೆ. ರಾತ್ರಿ ಜಗಳಕ್ಕಿಂತ ಬೆಳಗಿನ ಬೆಳಕಿಗೆ ಶಕ್ತಿ ಜಾಸ್ತಿ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ.

ಮಲಗುವ ಹೊತ್ತನ್ನು ಒಂದೇ ಸಲ 9ಕ್ಕೆ ಎಳೆಯಬೇಡಿ. ಈಗ ನಿಜವಾಗಿ ನಿದ್ದೆ ಹತ್ತುವುದು 11ಕ್ಕಾ? ಹಾಗಾದರೆ 10:45ಕ್ಕೆ ಹಾಸಿಗೆಗೆ ಕಳಿಸಿ. ನಾಲ್ಕೈದು ದಿನ ಸರಿಹೋದ ಮೇಲೆ 15 ನಿಮಿಷ ಹಿಂದಕ್ಕೆ ತನ್ನಿ. ಹೀಗೆ ಮೆಲ್ಲಗೆ. ಹಾಸಿಗೆ ಎಂದರೆ ಒದ್ದಾಡುವ ಜಾಗ ಎಂದು ಮಗುವಿನ ತಲೆಯಲ್ಲಿ ಕೂತಿರುತ್ತದೆ. ಹಾಸಿಗೆಗೆ ಹೋದರೆ ನಿದ್ದೆ ಬರುತ್ತದೆ ಎಂಬ ನಂಬಿಕೆ ಮೊದಲು ಹುಟ್ಟಬೇಕು.

ಟಿವಿ ವಿಷಯ ಕಷ್ಟ, ಒಪ್ಪುತ್ತೇನೆ. ಅತ್ತೆಯವರಿಗೆ ದಿನದಲ್ಲಿ ಇರುವ ಖುಷಿಯೇ ಆ ಎರಡು ಧಾರಾವಾಹಿ. ಅವರಿಗೆ ಬೇಡ ಎನ್ನಲಾಗದು. ನಾವು ಟಿವಿಯ ಎದುರು ಗೋಡೆಯಿಂದ ಅವನ ಹಾಸಿಗೆಯನ್ನು ಅಡುಗೆಮನೆಯ ಬಾಗಿಲ ಪಕ್ಕಕ್ಕೆ ತಂದೆವು. ಟ್ಯೂಬ್‌ಲೈಟ್ ಆರಿಸಿ ಸಣ್ಣ ಹಳದಿ ಬಲ್ಬ್ ಹಾಕಿದೆವು. ಸದ್ದು ತಗ್ಗಿಸಲು ಅತ್ತೆಯವರೇ ಒಪ್ಪಿದರು. ಮೊಬೈಲ್ ಮಾತ್ರ ಕಟ್ಟುನಿಟ್ಟು. ಮಲಗುವ ಒಂದು ಗಂಟೆ ಮುಂಚೆ ಎಲ್ಲರ ಮೊಬೈಲೂ ಫ್ರಿಡ್ಜ್ ಮೇಲೆ. ಅವನದ್ದು ಮಾತ್ರ ಇಡಿಸಿದಾಗ ದಿನಾ ರಂಪ. ನಮ್ಮದೂ ಇಟ್ಟ ಮೇಲೆ ರಂಪ ನಿಂತಿತು.

ಮಲಗುವ ಮುಂಚಿನ ಕೆಲಸಗಳು ದಿನಾ ಒಂದೇ ಕ್ರಮದಲ್ಲಿ ಬರಲಿ. ಕೈಕಾಲು ತೊಳೆಯುವುದು, ನಾಳೆಯ ಬ್ಯಾಗ್ ಜೋಡಿಸುವುದು, ಹಾಲು, ಚಾಪೆ ಹಾಸುವುದು, ಕಥೆ. ಎಡಿಎಚ್‌ಡಿ ಇರುವ ಮಗುವಿಗೆ ಮುಂದೇನು ಎಂದು ನೆನಪಿಡುವುದೇ ಕಷ್ಟ, ಕ್ರಮವೇ ನೆನಪಿಸಬೇಕು. ಕಥೆ ಹಳೆಯದೇ ಇರಲಿ. ಇದು ನಾನು ತಪ್ಪು ಮಾಡಿ ಕಲಿತದ್ದು. ಹೊಸ ಕಥೆ ಹೇಳಿದರೆ ಅವನು ಎದ್ದು ಕೂರುತ್ತಿದ್ದ. ಹೊಸದು ಕಂಡರೆ ಎಚ್ಚರಾಗುವ ಮೆದುಳು ಅದು. ಅವನ ತಾತ ನೂರು ಸಲ ಹೇಳಿದ್ದ ಕಾಗಕ್ಕ ಗುಬ್ಬಕ್ಕನ ಕಥೆಗೆ ಹತ್ತೇ ನಿಮಿಷದಲ್ಲಿ ಕಣ್ಣು ಮುಚ್ಚುತ್ತಿದ್ದ. ದಿಂಬಿನ ಪಕ್ಕ ಒಂದು ಸಣ್ಣ ನೋಟ್‌ಬುಕ್ ಇಟ್ಟೆವು. ರಾತ್ರಿ ಬರುವ ಪ್ರಶ್ನೆಗಳನ್ನು ಅದರಲ್ಲಿ ಬರೆದು ಬೆಳಗ್ಗೆ ಕೇಳಬೇಕು. ಅಂತರಗಂಗೆಯ ಪ್ರಶ್ನೆ ಅದರ ಮೊದಲ ಪುಟದಲ್ಲಿದೆ.

ಸಂಜೆ 4ರ ಮೇಲೆ ಟೀ, ಕಾಫಿ, ಕೋಲಾ ಬೇಡ. ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು 5 ಗಂಟೆ ಬೇಕು. 'ನಮ್ಮ ಮಕ್ಕಳು ಹಾಲು ಕುಡಿಯಲ್ಲ, ಟೀ ಆದರೆ ಕುಡಿಯುತ್ತವೆ' ಎನ್ನುವ ಮನೆಗಳಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ.

ನಮ್ಮದು ರೇಷ್ಮೆ ಮನೆ. ರಾತ್ರಿಯೂ ಸೊಪ್ಪು ಹಾಕಬೇಕು. ಕ್ರಮ ಎಲ್ಲಿಂದ ತರಲಿ?

ಶಿಡ್ಲಘಟ್ಟ ಕಡೆಯ ತಾಯಿಯೊಬ್ಬರು ಕೇಳಿದ್ದರು. ಒಳ್ಳೆ ಪ್ರಶ್ನೆ. ಹುಳು ನಾಲ್ಕನೇ ಜ್ವರ ಎದ್ದ (ನಾಲ್ಕನೇ ಸಲ ಪೊರೆ ಬಿಟ್ಟ) ಮೇಲೆ ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗೆ, ಒಂದು ವಾರ ಮನೆಯಲ್ಲಿ ಯಾರಿಗೂ ಪೂರ್ತಿ ನಿದ್ದೆ ಇರುವುದಿಲ್ಲ. ದೀಪ ಉರಿಯುತ್ತಿರುತ್ತದೆ, ಜನ ಓಡಾಡುತ್ತಾರೆ. ಮಗುವೂ ಸೊಪ್ಪಿನ ಬುಟ್ಟಿ ಹಿಡಿದು ಬರುತ್ತದೆ. ಆ ವಾರ ಯಾವಾಗ ಬರುತ್ತದೆ ಎಂದು ನಿಮಗೆ ಮೊದಲೇ ಗೊತ್ತಿರುತ್ತದಲ್ವಾ? ಅಷ್ಟು ದಿನ ಮಗುವನ್ನು ಹುಳುಮನೆಯಿಂದ ದೂರ, ಅಜ್ಜಿಯ ಪಕ್ಕ ಮಲಗಿಸಿ. ಅದೂ ಆಗದಿದ್ದರೆ ಬೆಳಗ್ಗೆ ಏಳುವ ಹೊತ್ತೊಂದನ್ನು ಬಿಡಬೇಡಿ. ಗೂಡು ಮಾರುಕಟ್ಟೆಗೆ ಹೋದ ಮೇಲೆ 'ಪಾಪ, ನಾಲ್ಕು ದಿನ ಮಲಗಲಿ' ಎಂದು ಬಿಟ್ಟರೆ ಗಡಿಯಾರ ಮತ್ತೆ ಜಾರುತ್ತದೆ.

ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಅಪ್ಪ ಮೋಟರ್ ಹಾಕಲು ತೋಟಕ್ಕೆ ಹೊರಡುತ್ತಾರೆ, ಮಗನೂ ಹಿಂದೆಯೇ ಓಡುತ್ತಾನೆ. ಇದು ನಮ್ಮ ತಾಲ್ಲೂಕಿನ ಕಥೆ. ಹುಡುಗನಿಗೆ ಅದಕ್ಕಿಂತ ಮಜಾ ಇನ್ನೊಂದಿಲ್ಲ. ಅಪ್ಪಂದಿರಲ್ಲಿ ನನ್ನ ಬೇಡಿಕೆ ಇಷ್ಟೇ. ಶನಿವಾರ ಬೇಕಾದರೆ ಕರೆದುಕೊಂಡು ಹೋಗಿ, ಶಾಲೆ ಇರುವ ದಿನ ಬೇಡ.

10 ವರ್ಷವಾದರೂ ಹಾಸಿಗೆ ಒದ್ದೆ ಮಾಡುತ್ತಾನೆ. ಇದಕ್ಕೂ ಸಂಬಂಧ ಇದೆಯಾ?

ಇದೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಇದು ಬೇರೆ ಮಕ್ಕಳಿಗಿಂತ ಜಾಸ್ತಿ. ಬೇಕೆಂದು ಮಾಡುವುದಲ್ಲ. ನೆಂಟರ ಮುಂದೆ ಹೇಳಬೇಡಿ, ಅದರಿಂದ ಆಗುವ ಗಾಯ ದೊಡ್ಡದು. ಮಲಬದ್ಧತೆ ಇದ್ದರೆ ಹೇಳಿ, ಗೊರಕೆ ಇದ್ದರೆ ತಪ್ಪದೆ ಹೇಳಿ. ಚಿಕಿತ್ಸೆ ಇದೆ.

ಅತ್ತೆ ದೃಷ್ಟಿಯಾಗಿದೆ ಅನ್ನುತ್ತಾರೆ. ಅವರಪ್ಪ ನಾಲ್ಕು ಬಿಗಿದರೆ ಮಲಗುತ್ತಾನೆ ಅನ್ನುತ್ತಾರೆ.

ದೃಷ್ಟಿ ತೆಗೆದರೆ ತೆಗೆಯಲಿ. ಅಜ್ಜಿಯ ಕೈ ಮಗುವಿನ ತಲೆ ಮೇಲೆ ಆಡಿದರೆ ಕೆಟ್ಟದ್ದೇನೂ ಆಗುವುದಿಲ್ಲ. ಅದರ ಜೊತೆಗೆ ಡಾಕ್ಟರಿಗೂ ತೋರಿಸಿ. ಹೊಡೆಯುವುದು ಮಾತ್ರ ಬೇಡ. ಹೆದರಿದ ದೇಹ ಎಚ್ಚರವಾಗಿರುತ್ತದೆ, ಮಲಗುವುದಿಲ್ಲ. ಅಳುತ್ತಾ ಸುಸ್ತಾಗಿ ಕಣ್ಣು ಮುಚ್ಚಿದ್ದನ್ನು ನಿದ್ದೆ ಎನ್ನಬೇಡಿ.

ಇನ್ನೊಂದು ಮಾತು. ಎಡಿಎಚ್‌ಡಿ ಮನೆತನದಲ್ಲಿ ಹರಿದು ಬರುತ್ತದೆ. ಮಗನ ಲಕ್ಷಣಗಳನ್ನು ಡಾಕ್ಟರ್ ಒಂದೊಂದಾಗಿ ಹೇಳುತ್ತಿದ್ದರೆ ನಮ್ಮ ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ಬಸ್ಸಿನಲ್ಲಿ ವಾಪಸ್ ಬರುವಾಗ ಹೇಳಿದರು, "ನಾನೂ ಹೀಗೇ ಇದ್ದೆ. ನಮ್ಮಪ್ಪ ದಿನಾ ಹೊಡೀತಿದ್ದರು." ಅವತ್ತಿನಿಂದ ಅವರು ಮಗನ ಮೇಲೆ ಕೈ ಎತ್ತಿಲ್ಲ.

ದೊಡ್ಡವರಿಗೂ ಹೀಗಾಗುತ್ತದಾ? ನನಗೆ ರಾತ್ರಿ 11ರ ಮೇಲೇ ತಲೆ ಚುರುಕಾಗುವುದು.

ಆಗುತ್ತದೆ. ಬಾಲ್ಯದ ಎಡಿಎಚ್‌ಡಿ ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಓಡಾಟ ಕಡಿಮೆಯಾಗಿ ಒಳಗಿನ ಚಡಪಡಿಕೆ ಉಳಿದುಕೊಳ್ಳುತ್ತದೆ. ಹಗಲೆಲ್ಲ ಮಕ್ಕಳು, ಅಡುಗೆ, ಆಫೀಸು ಎಂದು ಓಡಿದ ಹೆಣ್ಣುಮಕ್ಕಳಿಗೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಸಿಗುವ ಒಂದು ಗಂಟೆ ಬಿಡಲು ಮನಸ್ಸೇ ಬರುವುದಿಲ್ಲ. ಅದು ಎರಡಾಗುತ್ತದೆ, ಮೂರಾಗುತ್ತದೆ.

ನರಸಾಪುರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಶಿಫ್ಟ್ ಬಗ್ಗೆ ಕೇಳುತ್ತಾರೆ. ವಾರಕ್ಕೊಮ್ಮೆ ಬದಲಾಗುವ ಶಿಫ್ಟ್ ಯಾರಿಗೂ ಒಳ್ಳೆಯದಲ್ಲ, ಗಡಿಯಾರವೇ ಸಡಿಲ ಇರುವವರಿಗೆ ಇನ್ನೂ ಕಷ್ಟ. ಆದಷ್ಟು ಒಂದೇ ಶಿಫ್ಟ್ ಕೇಳಿ ಪಡೆಯಿರಿ. ನೈಟ್ ಶಿಫ್ಟ್ ಮುಗಿಸಿ ಹೈವೇಯಲ್ಲಿ ಬೈಕ್ ಓಡಿಸಿಕೊಂಡು ಬರಬೇಡಿ, ಕಂಪನಿ ಬಸ್ ಹತ್ತಿ. ನಿದ್ದೆಗೆಟ್ಟ ಕಣ್ಣು, ಜಾರುವ ಗಮನ ಎರಡೂ ಸೇರಿದರೆ ಪ್ರಾಣಕ್ಕೇ ಅಪಾಯ.

ಯಾರಿಗೆ ತೋರಿಸಬೇಕು? ಏನು ತೆಗೆದುಕೊಂಡು ಹೋಗಬೇಕು?

ಹೋಗುವ ಮುಂಚೆ ಎರಡು ವಾರ ಬರೆದಿಡಿ. ಡೇರಿಯಲ್ಲಿ ದಿನಾ ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂದು ಬರೆಯುತ್ತಾರಲ್ಲ, ಹಾಗೆ. ಹಾಸಿಗೆಗೆ ಹೋದದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಎಷ್ಟಕ್ಕೆ, ರಾತ್ರಿ ಎಷ್ಟು ಸಲ ಎದ್ದ, ಬೆಳಗ್ಗೆ ಎಷ್ಟಕ್ಕೆ ಎದ್ದ, ಗೊರಕೆ, ಕಾಲು, ಮಾತ್ರೆ ಕೊಟ್ಟ ಹೊತ್ತು. ಇಷ್ಟು ಬರೆದ ಒಂದು ಹಾಳೆ ಅರ್ಧ ಗಂಟೆಯ ವಿವರಣೆಗಿಂತ ಮೇಲು.

ಸರ್ಕಾರಿ ಶಾಲೆ, ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಬಹುದು. 18 ವರ್ಷದವರೆಗಿನ ಮಕ್ಕಳಲ್ಲಿ ಅವರು ಗುರುತಿಸಬೇಕಾದ ತೊಂದರೆಗಳಲ್ಲಿ ಎಡಿಎಚ್‌ಡಿಯೂ ಇದೆ. ಕೋಲಾರದವರಿಗೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು ಯಾವ ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ಅಲ್ಲೇ ಕೇಳಿಕೊಳ್ಳಿ. ಇನ್ನೂ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. ಹೋಗಲು ಆಗದವರು, ಮೊದಲು ಸುಮ್ನೆ ಮಾತಾಡಬೇಕು ಎನ್ನುವವರು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರಿ ಸೇವೆ. ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲಿ ಮಾತಾಡಬಹುದು. ಮನೆಯಲ್ಲಿ ತೆಲುಗು ಆಡುವ ನಮ್ಮ ಕಡೆಯವರು ತೆಲುಗಿನಲ್ಲೂ ಮಾತಾಡಬಹುದು.

ಶಾಲೆಗೆ ಹೇಳಬೇಕಾ?

ಹೇಳಿ. ಶಿಕ್ಷಕಿಯಾಗಿ ಕೇಳಿಕೊಳ್ಳುತ್ತೇನೆ. ಮೊದಲ ಪೀರಿಯಡ್‌ನಲ್ಲಿ ತೂಕಡಿಸುವ ಹುಡುಗನನ್ನು ಹೊರಗೆ ನಿಲ್ಲಿಸುವ ಮುಂಚೆ ಅವನ ರಾತ್ರಿ ಹೇಗಿತ್ತು ಎಂದು ನಮಗೆ ತಿಳಿದಿರಲಿ. ನನ್ನ ಮಗನನ್ನು ಒಂದು ಶಾಲೆಯಲ್ಲಿ ವರ್ಷವಿಡೀ ಹಾಗೆ ನಿಲ್ಲಿಸಿದ್ದರು. ನಾನು ಅಲ್ಲಿಗೆ ಹೋಗಿ ಹೇಳಲಿಲ್ಲ. ಅವನು ನಿಂತೇ ಇದ್ದ.

ಇದೆಲ್ಲ ಮಾಡಿದರೆ ಎಷ್ಟು ದಿನಕ್ಕೆ ಸರಿಹೋಗುತ್ತದೆ?

ಎರಡು ಮೂರು ವಾರ ಬಿಡದೆ ಮಾಡಿದರೆ ಸ್ವಲ್ಪ ಬದಲಾವಣೆ ಕಾಣಬೇಕು. ಆಸ್ಟ್ರೇಲಿಯಾದಲ್ಲಿ ಎಡಿಎಚ್‌ಡಿ ಇರುವ 244 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮನೆಯವರಿಗೆ ಇಂಥವೇ ಅಭ್ಯಾಸಗಳನ್ನು ಎರಡು ಭೇಟಿಯಲ್ಲಿ, ಒಂದು ಫೋನ್ ಕರೆಯಲ್ಲಿ ಹೇಳಿಕೊಟ್ಟರು. ಆ ಮಕ್ಕಳ ನಿದ್ದೆ ಸುಧಾರಿಸಿತು. ಜೊತೆಗೆ ಎಡಿಎಚ್‌ಡಿ ಲಕ್ಷಣಗಳೂ ಸ್ವಲ್ಪ ತಗ್ಗಿದವು. 6 ತಿಂಗಳ ನಂತರವೂ ಗುಣ ಉಳಿದಿತ್ತು. ಎಡಿಎಚ್‌ಡಿ ಹೋಗಿಬಿಡಲಿಲ್ಲ. ಹಗಲು ಸ್ವಲ್ಪ ಹಗುರವಾಯಿತು. ನಮ್ಮ ಮನೆಯಲ್ಲೂ ಹಾಗೇ ಆಯಿತು.

ಮಧ್ಯೆ ಜಾರುತ್ತದೆ. ದಸರಾ ರಜೆ, ಮದುವೆ, ಪರೀಕ್ಷೆ, ಏಪ್ರಿಲ್‌ನ ಸೆಖೆ ಎಲ್ಲವೂ ಕೆಡಿಸುತ್ತವೆ. ನನ್ನ ಮಗ ಈಗ ಸಾಮಾನ್ಯವಾಗಿ 10:30ಕ್ಕೆ ಮಲಗುತ್ತಾನೆ. ಬರುವ ಶನಿವಾರ ಪಕ್ಕದೂರಿನಲ್ಲಿ ಕುರುಕ್ಷೇತ್ರ ನಾಟಕ ಇದೆ. ಬೆಳಗಿನ ಜಾವದವರೆಗೆ ನಡೆಯುತ್ತದೆ. ಅವನ ತಾತ ಕರೆದುಕೊಂಡು ಹೋಗುತ್ತಾರೆ, ನಾನು ತಡೆಯುವುದಿಲ್ಲ. ಭಾನುವಾರ 7:30ಕ್ಕೆ ಎಬ್ಬಿಸುತ್ತೇನೆ, ಮಧ್ಯಾಹ್ನ ಅರ್ಧ ಗಂಟೆ ಮಲಗಿಸುತ್ತೇನೆ. ಸೋಮವಾರ ಮತ್ತೆ 6:30ಕ್ಕೆ ಹಾಲಿನ ಕ್ಯಾನ್ ಅವನ ಕೈಯಲ್ಲಿ.